ದೀಪ ಹಚ್ಚಿದ ಮೇಲೆ ಹೆಪ್ಪು

ಹಿಂದೂಪುರದ ನಮ್ಮ ಕಾಲೇಜು ಲ್ಯಾಬಿನಲ್ಲಿ ಹಿಪ್ಪುನೇರಳೆ ಎಲೆಯಿಂದ ಮಾಡಿದ ನ್ಯಾನೋ ಕಣಗಳು ಯುವಿ ಟಾರ್ಚ್ ಬಿಟ್ಟರೆ ಕೆಂಪಗೆ ಹೊಳೆಯುತ್ತಿದ್ದವು. ಅಷ್ಟೇ ಸಾಲದು, ಜೀವಕೋಶದೊಳಗೆ ಹೋಗಿ ಅದನ್ನು ಕೊಲ್ಲದೆ ಹೊಳೆಯಬೇಕು. ಬದುಕಿರುವ ಕೋಶ ಬೇಕಲ್ಲ ಅಂತ ಸಂಜೆ ಪಕ್ಕದ ಮನೆಯ ಸುಬ್ಬಕ್ಕನನ್ನು ಒಂದು ಚಮಚ ಮೊಸರು ಕೇಳಿದೆ.

"ದೀಪ ಹಚ್ಚಿದ್ಮೇಲೆ ಹೆಪ್ಪು ಹೊರಗೆ ಕೊಡಾಕಿಲ್ಲ ಕಣಮ್ಮ. ನಿನ್ ಔಷಧೀನೇ ಇಲ್ಲಿಗೆ ತಗಂಬಾ."

ಒಯ್ದೆ. ಅವರ ಅಡುಗೆಮನೆಯಲ್ಲೇ ಒಂದು ಬಟ್ಟಲು ಹಾಲಿಗೆ ಕಣದ ನೀರು ಬೆರೆಸಿ ಹೆಪ್ಪು ಹಾಕಿದೆವು. ಹೆಪ್ಪಿನ ಜೀವಿಗಳು ಸತ್ತರೆ ಹಾಲು ಹಾಲಾಗಿಯೇ ಉಳಿಯಬೇಕು. ಬೆಳಿಗ್ಗೆ ನೋಡಿದರೆ ಮೊಸರು ಗಟ್ಟಿಯಾಗಿತ್ತು. ಕಿಟಕಿ ಮುಚ್ಚಿ ಟಾರ್ಚ್ ಬಿಟ್ಟೆ, ಬಟ್ಟಲು ಕೆಂಡದ ಹಾಗೆ ಬೆಳಗಿತು. ಬೆಳಕು ಕೋಶದೊಳಗಿಂದಲೇ ಬರುತ್ತಿದೆಯೇ ಅಂತ ನೋಡಲು ಅದನ್ನು ಕಾಲೇಜಿಗೆ ಒಯ್ಯಬೇಕಿತ್ತು. ಸುಬ್ಬಕ್ಕ ಬಾಗಿಲಿಗೆ ಅಡ್ಡ ನಿಂತರು.

"ವದ್ದಮ್ಮ, ಬ್ಯಾಡ. ಈಗ ಮೊಸ್ರಲ್ಲೇ ದೀಪ ಐತೆ. ಎಂಗೆ ಕೊಡ್ಲಿ?"

ನಾನೂ ಬಿಡಲಿಲ್ಲ. ಸೂಕ್ಷ್ಮದರ್ಶಕವನ್ನೇ ಆಟೋದಲ್ಲಿ ಹೇರಿಕೊಂಡು ಬಂದೆ. ಲೆನ್ಸಿನಡಿ ಮೊಸರಿನ ಜೀವಿಗಳು ಒಂದೊಂದೂ ಕೆಂಪಗೆ ಕಂಡವು. ಲ್ಯಾಬಿನ ಸಾಮಾನು ಗೇಟು ದಾಟಬಾರದು ಅನ್ನೋದು ಕಾಲೇಜಿನ ಶಾಸ್ತ್ರ. ಎರಡರಲ್ಲಿ ಒಂದು ಶಾಸ್ತ್ರ ಮುರಿಯಲೇಬೇಕಿತ್ತು. ಸುಬ್ಬಕ್ಕನದನ್ನು ಮುರಿಯುವಷ್ಟು ಧೈರ್ಯ ನನಗಿಲ್ಲ.