ಹತ್ತಕ್ಕೆ ಹತ್ತರ ಕಾರ್ಡು

ಜೇವರ್ಗಿಯಲ್ಲಿ ನಮ್ಮ ಎದುರು ಮನೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಸಾಹುಕಾರರೊಬ್ಬರಿದ್ದರು. ಅವರ ಹತ್ತಿರ ಚೂಯಿಂಗ್ ಗಮ್ಮಿನ ಜೊತೆ ಬಂದಿದ್ದ ಹಳೆಯ ಕ್ರಿಕೆಟ್ ಕಾರ್ಡೊಂದಿತ್ತು. ಅಚ್ಚಿನ ತಪ್ಪಿನಿಂದ ಅದರಲ್ಲಿ ಬಲಗೈ ಆಟಗಾರ ಎಡಗೈಯವನಾಗಿದ್ದ. ಅದಕ್ಕೇ ಅದು ಅಪರೂಪ. ಮೊಳೆ ತೂಗುವಾಗ ಬರಿಗೈಯಲ್ಲಿರುತ್ತಿದ್ದ ಸಾಹುಕಾರರು ಕಾರ್ಡು ತೋರಿಸುವಾಗ ಬಿಳಿ ಕೈಗವಸು ತೊಡುತ್ತಿದ್ದರು. ನೋಡಲು ಬಗ್ಗಿದವರಿಗೆಲ್ಲ, "ಉಸಿರು ಬಿಡಬ್ಯಾಡ್ರಿ!" ಎನ್ನುತ್ತಿದ್ದರು. ಹೆಂಡತಿ ಒಗ್ಗರಣೆ ಹಾಕಿದರೆ ಓಡಿಹೋಗಿ ಕೋಣೆಯ ಬಾಗಿಲು ಮುಚ್ಚುವರು. "ಹೊಗಿ ತಾಗಿದ್ರ ನಂಬರ್ ಇಳೀತದ."

ಆ ನಂಬರು ಕೊಡುವವರು ಮುಂಬೈಯಲ್ಲಿದ್ದರು. ಕಾರ್ಡಿನ ಮೂಲೆ, ಅಂಚು, ಮೈ ಎಲ್ಲವನ್ನೂ ಭೂತಗನ್ನಡಿ ಹಿಡಿದು ನೋಡಿ, ಹತ್ತಕ್ಕೆ ಇಷ್ಟೆಂದು ಬರೆದು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕೊಡುತ್ತಿದ್ದರಂತೆ. ಸಾಹುಕಾರರಿಗೆ ಹತ್ತಕ್ಕೆ ಹತ್ತೇ ಬೇಕಿತ್ತು. ಬರುವುದು ಖಾತ್ರಿಯೆಂದು ಓಣಿಗೆಲ್ಲ ಮೊದಲೇ ಪೇಢೆ ಹಂಚಿಬಿಟ್ಟಿದ್ದರು.

ಕಳಿಸುವ ದಿನ, ಹೊಸ ಗಾಡಿಗೆ ಮಾಡುವಂತೆ ಕಾರ್ಡಿಗೂ ಪೂಜೆಯಾಯಿತು. ನಾನೂ ಹೋಗಿದ್ದೆ. ಸಾಹುಕಾರರು ಕಾರ್ಡನ್ನು ಕವರಿನಿಂದ ಹೊರತೆಗೆದು, ಕೈಗವಸು ಬಿಚ್ಚದೆಯೇ, ಎಣ್ಣೆಯಲ್ಲಿ ಕಲೆಸಿದ ಕುಂಕುಮವನ್ನು ಆಟಗಾರನ ಹಣೆಗೆ ಭಕ್ತಿಯಿಂದ ಹಚ್ಚಿದರು.

"ಇನ್ನ ಹತ್ತು ಎಲ್ಲಿ ಹೋಗ್ತದ?" ಎಂದರು.

ಕಾರ್ಡು ತಿರುಗಿ ಬಂತು. ಮೂಲೆಗಳು ಉತ್ತಮ, ಮುಂಭಾಗದಲ್ಲಿ ಕೆಂಪು ಕಲೆ, ಹತ್ತಕ್ಕೆ ಎರಡು.

"ನೋಡ್ರಿ ವೈನಿ, ಆ ಮುಂಬೈದವ್ರಿಗಿ ದೇವರು ದಿಂಡರು ಒಂದೂ ಗೊತ್ತಿಲ್ಲ!" ಎಂದು ಸಾಹುಕಾರರು ನನ್ನೆದುರು ಹಾರಾಡಿದರು.

ಒಳಗಿನಿಂದ ಚಹಾ ತಂದ ಅವರ ಹೆಂಡತಿ ತಣ್ಣಗೆ ಹೇಳಿದರು: "ಗೊತ್ತಿಲ್ದ ಏನ್ರೀ? ದೇವರಿಗಿ ಅಂಜೇ ಎರಡು ಕೊಟ್ಟಾರ. ಇಲ್ಲಂದ್ರ ಸೊನ್ನಿನೇ ಹಾಕತಿದ್ರು."