ಅಜ್ಜಿಯ ನಡಿಗೆಗೆ ಸದ್ದು ಕೊಟ್ಟ ಮನೆ

ಬೆಳಕು ಹರಿಯುವ ಮೊದಲೇ ಸದ್ದಪ್ಪ ಅಡುಗೆಮನೆಗೆ ಹೋಗಿ ಫ್ರಿಜ್ ಆರಿಸುತ್ತಾರೆ. ಗೋಡೆ ಗಡಿಯಾರ ಕಳಚಿ ಕಂಬಳಿಯಲ್ಲಿ ಸುತ್ತಿಡುತ್ತಾರೆ. ಬೀದಿಗೆ ಹಾಲಿನ ಗಾಡಿ ಬರುವಷ್ಟರಲ್ಲಿ ಅವರ ಕೆಲಸ ಮುಗಿಯಬೇಕು. ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಹಳೆಯ ಹಾಸಿಗೆಗಳನ್ನು ಒರಗಿಸಿದ್ದಾರೆ. ನೆಲದ ಮೇಲೆ ಅಗಲವಾದ ತೊಟ್ಟಿಗಳು, ಒಂದರಲ್ಲಿ ಮರಳು, ಇನ್ನೊಂದರಲ್ಲಿ ಜಲ್ಲಿ, ಮತ್ತೊಂದರಲ್ಲಿ ಪಾದ ಮುಳುಗುವಷ್ಟು ನೀರು. ಸವೆದ ಚಪ್ಪಲಿ ಮೆಟ್ಟಿಕೊಂಡು, ಮೈಕಿನ ಮುಂದೆ ಜಲ್ಲಿಯ ಮೇಲೆ ಅವರು ನಿಂತಲ್ಲೇ ನಡೆಯುತ್ತಾರೆ.

ಕಂಪ್ಯೂಟರ್ ಆಟಗಳಲ್ಲಿ ಓಡುವ, ಬೀಳುವ, ಬಾಗಿಲು ತಳ್ಳುವ ಪಾತ್ರಗಳಿಗೆ ಸದ್ದು ಕೊಡುವುದು ಇವರ ಕಸುಬು. ಆಟದ ಕಂಪನಿಯ ಹುಡುಗರಿಟ್ಟ ಅಡ್ಡಹೆಸರೇ ಈಗ ಹೆಸರಾಗಿದೆ. "ಸದ್ದಪ್ಪ ಅಂತಾರೆ. ಮನೇಲಿ ಮಾತ್ರ ನಂದೇನೂ ಸದ್ದಿಲ್ಲ" ಎಂದು ನಗುತ್ತಾರೆ.

"ಫ್ರಿಜ್ ಹಾಕೋದು ಮರೆತು ಹಾಲು ಒಡೀತಲ್ಲ, ಅವತ್ತು ನನ್ನ ಸದ್ದು ಕೇಳ್ಬೇಕಿತ್ತು ನೀವು" ಎಂದು ಒಳಗಿನಿಂದ ಹೆಂಡತಿ ದನಿಗೂಡಿಸುತ್ತಾರೆ.

ಮೊದಲು ಇವರು ನಾಟಕದ ಪರದೆಯ ಹಿಂದೆ ನಿಂತು ತಗಡು ಅಲ್ಲಾಡಿಸಿ ಗುಡುಗು ಮಾಡುತ್ತಿದ್ದವರು. ಕಂಪನಿ ನಾಟಕ ನಿಂತು ಕೈ ಖಾಲಿಯಾದಾಗ, ಹೆಂಡತಿ ಬಟ್ಟೆಯಂಗಡಿಯಲ್ಲಿ ದಿನವಿಡೀ ನಿಂತು ಸಂಸಾರದ ನೊಗ ಹೊತ್ತರು. ಸೊಂಟದ ಕೀಲು ಸವೆದದ್ದು ಆಗಲೇ.

ಕೆಲವು ವರ್ಷಗಳ ಹಿಂದೆ ಇವರು ಸದ್ದು ಕೊಟ್ಟ ಒಂದು ಆಟದ ಮೊದಲ ಭಾಗ ಬಂತು. ನೀರು ನುಗ್ಗಿದ ಊರು, ಕತ್ತಲು, ಒಬ್ಬಳು ಪುಟ್ಟ ಹುಡುಗಿ. ಮುಂದೆ ಹೋಗುವ ಅಜ್ಜಿ ಕಾಣುವುದಿಲ್ಲ, ಹೆಜ್ಜೆ ಮಾತ್ರ ಕೇಳುತ್ತದೆ. ಒಂದು ಕಾಲು ದಪ್ಪನೆ ಊರುತ್ತದೆ, ಇನ್ನೊಂದು ಎಳೆಯುತ್ತದೆ. ಆಡುವವರು ಆ ಸದ್ದನ್ನೇ ನಂಬಿ ನಡೆಯಬೇಕು. ಆ ನಡಿಗೆ ಸದ್ದಪ್ಪನವರ ಹೆಂಡತಿಯದು. "ಎಷ್ಟು ಚೆನ್ನಾಗಿ ಬಂತು ಅಂತ ಖುಷಿಪಟ್ಟೆ. ಅದು ಅವಳ ನೋವು ಅಂತ ಆಗ ನಂಗೆ ಹೊಳೀಲೇ ಇಲ್ಲ ನೋಡಿ" ಎನ್ನುವಾಗ ಅವರು ತಲೆ ತಗ್ಗಿಸುತ್ತಾರೆ.

ಈಗ ಎರಡನೇ ಭಾಗ ಬರುತ್ತಿದೆ. ಅಭಿಮಾನಿಗಳು ಜಾಲತಾಣದಲ್ಲಿ ಆಸೆ, ಆತಂಕ ಎಲ್ಲವನ್ನೂ ತೋಡಿಕೊಳ್ಳುತ್ತಿದ್ದಾರೆ. ನಮ್ಮ ಹಳೇ ಕಂಪ್ಯೂಟರಲ್ಲಿ ಓಡುತ್ತಾ? ಅವಸರಕ್ಕೆ ಬಿದ್ದು ಅರ್ಧಂಬರ್ಧ ಬಿಡ್ತೀರಾ? ಎಲ್ಲಕ್ಕಿಂತ ಹೆಚ್ಚು ಮಂದಿ ಬರೆದದ್ದು ಒಂದೇ ಮಾತು: ಏನು ಬೇಕಾದ್ರೂ ಬದಲಾಯಿಸಿ, ಅಜ್ಜಿ ಹೆಜ್ಜೆ ಮಾತ್ರ ಮುಟ್ಬೇಡಿ. ಪ್ರಚಾರಕ್ಕೆಂದು ಬಿಟ್ಟ ಮೊದಲ ವಿಡಿಯೊ ತುಣುಕಿನಲ್ಲಿ ಎಲ್ಲಿಂದಲೋ ತಂದ ಸಿದ್ಧ ಸದ್ದು ಕೇಳಿ ಅವರು ರೊಚ್ಚಿಗೆದ್ದರು. ಕಂಪನಿಯವರು ಸದ್ದಪ್ಪನವರ ಬಾಗಿಲಿಗೆ ಓಡಿಬಂದರು. ಹಳೆಯ ರೆಕಾರ್ಡಿಂಗಿನಲ್ಲಿ ಇರುವುದು ನೀರಿನ ಮೇಲೆ ಹಾಸಿದ ಹಲಗೆಯ ಮೇಲಿನ ನಡಿಗೆ ಮಾತ್ರ. ಈಗ ಅಜ್ಜಿ ನೀರಿನಲ್ಲಿ ನಡೆಯಬೇಕು, ಕಬ್ಬಿಣದ ಮೆಟ್ಟಿಲು ಹತ್ತಬೇಕು.

ಆದರೆ ಹೋದ ವರ್ಷ ಹೆಂಡತಿಯ ಸೊಂಟಕ್ಕೆ ಆಪರೇಷನ್ ಆಗಿದೆ. ಈಗವರು ಸಲೀಸಾಗಿ ನಡೆಯುತ್ತಾರೆ.

ಸದ್ದಪ್ಪ ತಾವೇ ಕಾಲೆಳೆದು ನೋಡಿದರು. ಕೇಳಿದರೆ ಕಳ್ಳಕುಂಟು ಎಂದು ಯಾರಾದರೂ ಹೇಳಬಹುದಿತ್ತು. ಆಗ ಹೆಂಡತಿಯೇ ಸೀರೆ ಎತ್ತಿ ಕಟ್ಟಿಕೊಂಡು ನೀರಿನ ತೊಟ್ಟಿಗೆ ಇಳಿದು, ಹಳೆಯ ಹಾಗೆ ಕಾಲೆಳೆದರು. ಸದ್ದಪ್ಪ ಹೆಡ್‌ಫೋನ್ ಕಿತ್ತಿಟ್ಟರು.

"ಸಾಕು, ಬಾ ಈಚೆ."

"ಯಾಕ್ರೀ, ಸರಿಯಾಗಿ ಬರ್ತಿಲ್ವಾ?"

"ಸರಿಯಾಗೇ ಬರ್ತಿದೆ. ಅದಕ್ಕೇ ಸಾಕು ಅಂದಿದ್ದು."

ಆಮೇಲೆ ಹೆಂಡತಿ ಈಗ ಹೇಗೆ ನಡೆಯುತ್ತಾರೋ ಹಾಗೆಯೇ ರೆಕಾರ್ಡ್ ಮಾಡಿ ಕಳಿಸಿದ್ದಾರೆ. ಅಜ್ಜಿಯ ಕಾಲು ವಾಸಿಯಾಗಿದೆ ಎಂದು ಕತೆಯಲ್ಲೇ ಒಂದು ಮಾತು ಸೇರಿಸಿ ಎಂದು ಕೇಳಿಕೊಂಡಿದ್ದಾರೆ. ಕಂಪನಿ ಅರೆಮನಸ್ಸಿನಿಂದ ಒಪ್ಪಿದೆ. ಹೊಸ ತುಣುಕು ಈ ವಾರ ಹೊರಬರುತ್ತದೆ. "ಜನ ಒಪ್ಪಿದ್ರೆ ಸರಿ ಸರ್, ಇಲ್ಲಾಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದು ಅಲ್ಲಿನ ಮುಖ್ಯಸ್ಥರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಟ್ಟಾರು ಎಂಬ ಚಿಂತೆ ಸದ್ದಪ್ಪನವರಿಗೆ ಇಲ್ಲದಿಲ್ಲ.

ನಮ್ಮೊಡನೆ ಮಾತಾಡುತ್ತಿದ್ದಂತೆ ಹೊರಗೆ ಹೆಂಡತಿ ಬಟ್ಟೆ ಒಣಹಾಕಲು ಮಹಡಿಯ ಕಬ್ಬಿಣದ ಮೆಟ್ಟಿಲ ಬಳಿ ಬರುತ್ತಾರೆ. ಸದ್ದಪ್ಪ ಬೆರಳೆತ್ತಿ ಸುಮ್ಮನಿರಲು ಸನ್ನೆ ಮಾಡುತ್ತಾರೆ. ಮೊದಲ ಮೆಟ್ಟಿಲಿನ ಮುಂದೆ ಹೆಜ್ಜೆ ತುಸು ನಿಲ್ಲುತ್ತದೆ, ನೋವಿಗೆ ಅಣಿಯಾಗುವ ಹಾಗೆ. ಆಮೇಲೆ ಟಣಟಣನೆ ಮೇಲೇರುತ್ತದೆ.

"ಕೇಳಿಸ್ತಾ? ಕಾಲು ಸರಿಹೋಯ್ತು, ನಿಲ್ಲೋ ಅಭ್ಯಾಸ ಹೋಗಿಲ್ಲ. ಅದನ್ನೂ ಕಳಿಸಿದೀನಿ. ಆಟದಲ್ಲಿ ಅಷ್ಟು ವರ್ಷ ಅವಳ ಹಿಂದೆ ನಡೆದೋರು, ಗುರುತು ಹಿಡೀಬಹುದು."

ಹಿಡಿಯದಿದ್ದರೆ?

ಸದ್ದಪ್ಪ ಎದ್ದು ಹೋಗಿ ಮರೆಯದೆ ಫ್ರಿಜ್ ಹಾಕಿ ಬರುತ್ತಾರೆ.

"ಬೈಯೋದಾದ್ರೆ ನನ್ನ ಬೈಲಿ. ಚೆನ್ನಾಗಿ ನಡೀತಾಳೆ ಅಂತ ಅವಳನ್ನ ಮಾತ್ರ ಯಾರೂ ಬೈಬಾರ್ದು."