ಗೋಡೆಯ ಮೇಲಿನ ಗಂಗವ್ವ

ಎರಡು ವರ್ಷದ ಹಿಂದೆ, ನಾಗರ ಪಂಚಮಿ ಮುಗಿದ ವಾರದಲ್ಲಿ ಇದೆಲ್ಲ ಶುರುವಾಯಿತು.

ಸವಣೂರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಮದುವೆ, ನಾಮಕರಣದ ಕೆಲಸ ಕಡಿಮೆಯಾಗಿ ಎರಡೇ ಬಗೆಯ ಗಿರಾಕಿಗಳು ಉಳಿದಿದ್ದರು. ಅರ್ಜಿಗೆ, ಪಿಂಚಣಿಗೆ ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಾದವರು ಕೆಲವರು. ಮನೆಯಲ್ಲಿ ಯಾರೋ ತೀರಿಕೊಂಡರೆಂದು ಅದೇ ಸಣ್ಣ ಫೋಟೋ ಹಿಡಿದುಕೊಂಡು ಬಂದು, "ದೊಡ್ಡದ ಮಾಡಿ ಕೊಡ್ರಿ" ಎನ್ನುವವರು ಉಳಿದವರು. ಅಂಗಡಿ ಮುಚ್ಚಬೇಕಾದೀತೇನೋ ಎಂಬ ಚಿಂತೆ ಆಗಲೇ ನನ್ನನ್ನು ಒಳಗೊಳಗೆ ಕೊರೆಯುತ್ತಿತ್ತು.

ಆ ವಾರ ಹೀಗೆ ದೊಡ್ಡದು ಮಾಡಿಸಲು ಮೂರು ಮನೆಯವರು ಬಂದರು. ಮೂರೂ ಫೋಟೋ ನಾನೇ ತೆಗೆದಂಥವು. ಒಂದು ನಿವೃತ್ತ ಮಾಸ್ತರರದು, ಇನ್ನೊಂದು ವೀಳ್ಯದೆಲೆ ಮಾರುವ ಹಿರಿಯರದು. ಮೂರನೆಯದು ಇಪ್ಪತ್ತಾರು ವರ್ಷದ ಒಬ್ಬ ಲಾರಿ ಡ್ರೈವರನದು. ಒಂಬತ್ತೇ ದಿನದ ಹಿಂದೆ ಅವನು ನನ್ನ ಸ್ಟೂಲಿನ ಮೇಲೆ ಕುಳಿತು ಕೂದಲು ತೀಡಿಕೊಳ್ಳುತ್ತಾ, "ಛಲೋ ಬರಬೇಕ ನೋಡ್ರಿ, ಹೆಣ್ಣಿನ ಮನಿಯವರಿಗೆ ಕಳಸೂದೈತಿ" ಎಂದಿದ್ದ. ಈಗ ಅವನ ಅಣ್ಣ ನನ್ನ ಮುಂದೆ ತಲೆ ತಗ್ಗಿಸಿ ನಿಂತಿದ್ದ.

ಅವನು ಹೋದ ಮೇಲೆ ಕಂಪ್ಯೂಟರಿನಲ್ಲಿ ಆ ಮುಖವನ್ನು ದೊಡ್ಡದು ಮಾಡಿದೆ. ಡ್ರೈವರನ ಕಣ್ಣು ಕ್ಯಾಮೆರಾದ ಕಡೆ ಇರಲಿಲ್ಲ. ನನ್ನ ಬಲಭುಜದ ಮೇಲಿಂದ, ನನ್ನ ಹಿಂದೆ ನಿಂತ ಯಾರನ್ನೋ ನೋಡುವಂತಿತ್ತು. ಮಾಸ್ತರರ ಫೋಟೋ ತೆರೆದೆ. ಅದೇ ನೋಟ. ಎಲೆ ಮಾರುವವರದೂ ಅದೇ. ಮಟಮಟ ಮಧ್ಯಾಹ್ನ. ಹೊರಗೆ ಬಸ್ಸುಗಳು ಹಾರ್ನ್ ಹಾಕುತ್ತಿದ್ದವು. ನನ್ನ ಹಿಂದೆ ಬರೀ ಗೋಡೆ ಇದೆ ಎಂದು ಗೊತ್ತಿದ್ದರೂ ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

ಅಲ್ಲಿಂದ ಮುಂದೆ ಯಾರು ಬಂದು ಕುಳಿತರೂ ಅವರ ಕಣ್ಣನ್ನೇ ನೋಡತೊಡಗಿದೆ. ಆ ನೋಟ ಕಂಡರೆ, "ಕ್ಯಾಮೆರಾ ಕೆಟ್ಟೈತ್ರಿ, ಬ್ಯಾರೆ ಕಡೆ ತಗಿಸ್ರಿ" ಎಂದು ಕಳಿಸಿಬಿಡುತ್ತಿದ್ದೆ. ಕಳಿಸಿದ ಮೇಲೂ ಇವರು ಇನ್ನು ಎಷ್ಟು ದಿನವೋ ಎಂದು ಲೆಕ್ಕ ಹಾಕುತ್ತಿದ್ದೆ.

ಒಂದು ದಿನ ಗಂಗವ್ವ ಎಂಬ ಅಜ್ಜಿ ಬಂದರು. ಅವರ ಊರು ತಡಸ. ಸವಣೂರಿನಲ್ಲಿದ್ದ ಮಗಳ ಮನೆಗೆ ಬಂದವರು, ಪಿಂಚಣಿ ಅರ್ಜಿಗೆ ಫೋಟೋ ತೆಗೆಸಿದರು. ತೆಗೆದ ಮೇಲೆ ನೋಡಿದರೆ ಅದೇ ನೋಟ.

"ಇದನ್ನ ಒಂದ ದೊಡ್ಡದೂ ಮಾಡಿ ಕೊಡಪಾ, ಕಟ್ಟ ಹಾಕಿಸಿ" ಎಂದರು.

"ದೊಡ್ಡದ ಬ್ಯಾಡಬೇ."

"ಯಾಕೋ?"

ಸಣ್ಣ ಫೋಟೋಗಳನ್ನಷ್ಟೇ ಕೈಗಿಟ್ಟು ಕಳಿಸಿದೆ.

ಹತ್ತನೇ ತರಗತಿಯಲ್ಲಿದ್ದ ನನ್ನ ಮಗಳು ಪರೀಕ್ಷೆಯ ಅರ್ಜಿಗೆ ಫೋಟೋ ಬೇಕೆಂದಾಗ ಅವಳನ್ನು ಬೇರೆ ಸ್ಟುಡಿಯೋಗೆ ಕಳಿಸಿದೆ. ಹೆಂಡತಿ ಸುವರ್ಣಾ ನನ್ನನ್ನೇ ದಿಟ್ಟಿಸಿ, "ಹೆತ್ತ ಮಗಳ ಫೋಟೋ ತಗಿಯಾಕ ಅಂಜತೀರಲ್ಲ, ಏನಾಗೇತಿ ನಿಮಗ?" ಎಂದಳು. ಅದೇ ವಾರ ಅಂಗಡಿಯಲ್ಲಿ ಎದೆ ಹಿಡಿದುಕೊಂಡಂತಾಗಿ, ಕೈಕಾಲು ತಣ್ಣಗಾಗಿ ಕುಸಿದೆ. ಶಿಗ್ಗಾಂವಿಯ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಎಲ್ಲ ತಪಾಸಣೆ ಮಾಡಿ, ಹೃದಯ ಸರಿಯಾಗಿದೆ ಎಂದು ಹೇಳಿ, ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು.

ಆಕೆ ಹಾನಗಲ್ಲಿನವರು, ಮೂವತ್ತರ ಆಸುಪಾಸು. ನಗುತ್ತಾರೆ ಎಂದುಕೊಂಡು ಎಲ್ಲ ಹೇಳಿದೆ. ನಗಲಿಲ್ಲ.

"ಅಣ್ಣಾರ, ನೀವು ಇಷ್ಟು ವರ್ಷ ಎಷ್ಟ ಮಂದಿ ಫೋಟೋ ತಗದಿರಬೇಕು?"

"ಲೆಕ್ಕ ಇಲ್ರಿ. ಸಾವಿರಾರು."

"ಅದರಾಗ ಯಾರು ವಾಪಸ್ ನಿಮ್ಮ ಅಂಗಡಿಗೆ ಬರತಾರ? ಸತ್ತವರ ಫೋಟೋ ಅಷ್ಟ ಬರತಾವು. ಬದುಕಿದವರು, ನಾ ಬದುಕೇನ್ರಿ ಅಂತ ಹೇಳಾಕ ಯಾಕ ಬರತಾರ?"

ಆ ಮಾತು ತಲೆಗೆ ಹೋಯಿತು. ಎದೆಗೆ ಇಳಿಯಲಿಲ್ಲ. ಅದು ಅವರಿಗೂ ಗೊತ್ತಿತ್ತು ಅನಿಸುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ 'ಮನಸ್ಸು ಹೇಳಿದ್ದು', ಬಲಕ್ಕೆ 'ಕಣ್ಣಾರೆ ಕಂಡಿದ್ದು' ಎಂದು ಬರೆದುಕೊಟ್ಟರು. ಆ ನೋಟ ಕಂಡ ಹತ್ತು ಮಂದಿಯ ಹೆಸರನ್ನು ಎಡಕ್ಕೆ ಬರೆಯಬೇಕು, ಆಮೇಲೆ ಒಬ್ಬೊಬ್ಬರ ಮನೆಗೇ ಹೋಗಿ ನೋಡಬೇಕು.

"ಸತ್ತಿದ್ರ ಸತ್ತಾರಂತ ಬರೀರಿ. ಸುಳ್ಳ ಬರಿಯೂದ ಬ್ಯಾಡ. ಕ್ಯಾಮೆರಾನೂ ಜೋಡಿ ಒಯ್ಯಿರಿ" ಎಂದರು.

ಅಂಗಡಿಯ ಹಳೆಯ ರಸೀದಿಗಳಿಂದ ಹೆಸರು, ಊರು ಹುಡುಕಿ ಪಟ್ಟಿ ಮಾಡಿದೆ. ಸತ್ತಿರಬಹುದು ಎಂದುಕೊಂಡು ಒಬ್ಬರ ಮನೆಯ ಬಾಗಿಲು ಬಡಿಯುವುದು ಎಂಥ ಕೆಲಸ ಎನ್ನುವುದು ಮಾಡಿದವರಿಗೇ ಗೊತ್ತು. ಹಿರೇಕೆರೂರಿನ ಹೆಣ್ಣುಮಗಳೊಬ್ಬಳು ಹೊಲಿಗೆ ಯಂತ್ರದ ಮುಂದಿನಿಂದಲೇ ತಲೆ ಎತ್ತಿ, "ಏನ ಬೇಕಾಗಿತ್ರಿ?" ಎಂದಳು. ತಿಳವಳ್ಳಿಯ ರೈತರೊಬ್ಬರು ಗೋವಿನಜೋಳದ ಚೀಲ ಹೊಲಿಯುತ್ತಿದ್ದರು. ಬಲಗಡೆ 'ಇದ್ದಾರೆ', 'ಇದ್ದಾರೆ' ಎಂದು ಬರೆಯುತ್ತಾ ಹೋದೆ. ಆದರೆ ಹಾನಗಲ್ಲಿನ ಒಂದು ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯವರು, "ಅವರು ತೀರಿಕೊಂಡು ತಿಂಗಳಾತ್ರಿ" ಎಂದರು. ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆಪ್ತಸಮಾಲೋಚಕಿಗೆ ಫೋನ್ ಮಾಡಿ, ಇನ್ನು ನನ್ನಿಂದಾಗದು ಎಂದೆ.

"ವಯಸ್ಸೆಷ್ಟಿತ್ರಿ ಅವರಿಗೆ?"

"ಎಂಬತ್ತರ ಮ್ಯಾಲ."

"ಅದನ್ನೂ ಬರೀರಿ. ಮುಂದಿನ ಮನಿಗೆ ಹೋಗ್ರಿ."

ಮುಂದಿನದು ತಡಸ, ಗಂಗವ್ವನ ಮನೆ.

ನಾನು ಹೋದಾಗ ಹನ್ನೆರಡು ದಾಟಿತ್ತು. ಊರವರೆಲ್ಲ ಹೊಲದಲ್ಲಿದ್ದ ಹೊತ್ತು, ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಯ ಬಾಗಿಲು ತೆರೆದಿತ್ತು. "ಯಾರದೀರಿ ಒಳಗ?" ಎಂದು ಎರಡು ಸಲ ಕೂಗಿದೆ. ಊದಿನಕಡ್ಡಿಯ ವಾಸನೆ ಬರುತ್ತಿತ್ತು. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟೆ.

ಎದುರಿನ ಗೋಡೆಯ ಮೇಲೆ ಗಂಗವ್ವನ ದೊಡ್ಡ ಫೋಟೋ. ನಾನು ತೆಗೆದದ್ದೇ. ಅದಕ್ಕೊಂದು ಹೂವಿನ ಹಾರ. ಮೇಲೆ ಕೆಂಪು ಬಲ್ಬು ಉರಿಯುತ್ತಿತ್ತು. ಆ ಕಣ್ಣುಗಳು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಮೇಲಿಂದ, ನನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದವು.

ಮನಸ್ಸು ಹೇಳಿದ್ದೇ ನಿಜವಾಯಿತು ಎಂದುಕೊಂಡು ನೋಟ್‌ಬುಕ್ ತೆಗೆದು ಬಲಗಡೆ ಬರೆಯಲು ಪೆನ್ನು ಇಟ್ಟೆ. ಆಗ ಹಾಳೆಯ ಮೇಲೆ ನೆರಳು ಬಿತ್ತು.

"ಯಾರೋ ಅದು?"

ತಿರುಗಿದೆ. ಬಾಗಿಲಲ್ಲಿ, ಬಿಸಿಲಿಗೆ ಬೆನ್ನು ಮಾಡಿ ಒಂದು ಹೆಂಗಸಿನ ಆಕೃತಿ. ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಗೋಡೆಯ ಮೇಲಿದ್ದವರದೇ. ಆಕೃತಿ ನಿಧಾನವಾಗಿ ಒಳಗೆ ಬಂದು, ತಲೆಯ ಮೇಲಿದ್ದ ಸೊಪ್ಪಿನ ಹೊರೆ ಇಳಿಸಿತು.

"ನೀ ಸವಣೂರ ಫೋಟೋದಾಂವ ಅಲ್ಲೇನು?"

"ಗಂಗವ್ವಾ... ಆ ಹಾರ?"

"ನಾನ ಹಾಕೇನಿ. ಸತ್ತ ಮ್ಯಾಲ ಮಂದಿ ಹಾಕತಾರ, ಅದನ್ನ ನಾ ಕಣ್ಣಾರ ನೋಡಬ್ಯಾಡೇನು? ನೀ ದೊಡ್ಡದ ಮಾಡಿ ಕೊಡಲಿಲ್ಲ, ಶಿಗ್ಗಾಂವಿಗೆ ಹೋಗಿ ಮಾಡಿಸಿಕೊಂಡ ಬಂದೆ."

ಅವರು ಕೈಹಿಡಿದು ಕೂರಿಸಿ ಮಜ್ಜಿಗೆ ಕೊಟ್ಟರು. ಕುಡಿಯುತ್ತಾ ಎಲ್ಲವನ್ನೂ ಹೇಳಿ, ಕೊನೆಗೆ ಕೇಳಿಯೇಬಿಟ್ಟೆ. "ಅವತ್ತ ನನ್ನ ಹಿಂದ ಏನ ನೋಡಿದ್ರಿ?"

ಗಂಗವ್ವ ನನ್ನ ಕೈಯಿಂದ ಖಾಲಿ ಲೋಟ ತೆಗೆದು ಪಕ್ಕಕ್ಕಿಟ್ಟರು.

"ಹಿಂದ ಏನೂ ಇರಲಿಲ್ಲೋ ತಮ್ಮಾ. ನಿನ್ನ ಮುಖ ನೋಡಾಕ ಆಗಲಿಲ್ಲ ನನಗ. ಹೆಣ ನೋಡಿದವರಂಗ ನೋಡಾಕತ್ತಿದ್ದಿ ನೀ. ಅದಕ್ಕ ಕಣ್ಣ ಆಕಡೆ ತಗದೆ."

ಎಷ್ಟು ತಿಂಗಳಿಂದ ನಾನು ಗಿರಾಕಿಗಳ ಕಣ್ಣಲ್ಲಿ ಯಾರನ್ನೋ ಹುಡುಕುತ್ತಿದ್ದೆ. ಅವರು ನನ್ನ ಮುಖ ಕಂಡು ಅಂಜುತ್ತಿದ್ದರು.

"ಇದರಾಗ ನಾ ನಕ್ಕೇ ಇಲ್ಲ. ಇನ್ನೊಂದ ತಗಿ" ಎಂದು ಗಂಗವ್ವ ಸೆರಗು ಸರಿಮಾಡಿಕೊಂಡು ಕುಳಿತರು. ತೆಗೆದೆ. ನೋಟ್‌ಬುಕ್ಕಿನ ಎಡಗಡೆ, 'ಆ ಡ್ರೈವರನಂತೆ ಒಂಬತ್ತು ದಿನದಲ್ಲಿ ಹೋಗುತ್ತಾರೆ' ಎಂದು ಬರೆದೆ. ಫೋನ್ ಮಾಡಿ ವಿಚಾರಿಸಬಾರದು, ಭಯವನ್ನು ಪಕ್ಕಕ್ಕೆ ಕೂರಿಸಿಕೊಂಡೇ ಕೆಲಸ ಮಾಡಬೇಕು ಎಂದು ಆಪ್ತಸಮಾಲೋಚಕಿ ಹೇಳಿದ್ದರು. ಆ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು.

ಹತ್ತನೆಯ ದಿನ ಬೆಳಿಗ್ಗೆ ಗಂಗವ್ವನ ಮಗ ಅಂಗಡಿಯ ಬಾಗಿಲಿಗೆ ಬಂದು ನಿಂತರು. ಮುಖ ಬಾಡಿತ್ತು. "ಅವ್ವ..." ಎಂದವರು ಕೆಮ್ಮು ಬಂದು ತಡೆದರು. ನಾನು ಕೆಲಸ ಬಿಟ್ಟು ಎದ್ದು ನಿಂತೆ.

"ಅವ್ವ ಬೈಯಾಕತ್ತಾಳ್ರಿ. ಹತ್ತ ದಿನಾತು, ಫೋಟೋ ಯಾಕ ಕೊಟ್ಟಿಲ್ಲ ಕೇಳಿಕೊಂಡ ಬಾ ಅಂದ್ಲು."

ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತು ನಕ್ಕೆನೋ ಅತ್ತೆನೋ ನೆನಪಿಲ್ಲ. ಅಂದೇ ಸಂಜೆ ಮಗಳನ್ನು ಕೂರಿಸಿ ಅವಳ ಫೋಟೋ ತೆಗೆದೆ.

ಗಂಗವ್ವ ಮರುವರ್ಷದ ಚಳಿಗಾಲದಲ್ಲಿ ತೀರಿಕೊಂಡರು. ಮಗ ಬಂದು ಕೇಳಿದಾಗ ನಗುವ ಫೋಟೋವನ್ನು ನಾನೇ ದೊಡ್ಡದು ಮಾಡಿ ಕೊಟ್ಟೆ. ಭಯ ಪೂರ್ತಿ ಹೋಗಿದೆ ಎಂದು ಈಗಲೂ ಹೇಳಲಾರೆ. ಬಂದಾಗ ಬರಲಿ ಎಂದು ಬಿಟ್ಟಿದ್ದೇನೆ.

ಹೋದ ತಿಂಗಳು ಹಿರೇಕೆರೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ ನನ್ನ ಭುಜ ತಟ್ಟಿದರು. "ಗುರ್ತ ಸಿಗಲಿಲ್ಲೇನ್ರಿ? ನನ್ನ ಫೋಟೋ ತಗದಿದ್ರಿ ನೀವು" ಎಂದರು. ಎಷ್ಟು ನೋಡಿದರೂ ಆ ಮುಖ ನನಗೆ ನೆನಪಾಗಲಿಲ್ಲ. ಅವರ ಕೈ ಹಿಡಿದುಕೊಂಡೆ, ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತೇ ಹಿಡಿದುಕೊಂಡಿದ್ದೆ. ಅವರು ಮುಜುಗರದಿಂದ ನಕ್ಕರು. ಅವರ ಅಂಗೈ ಬೆಚ್ಚಗಿತ್ತು.